ಡಿಸ್ಕ್ ಕೊಟ್ಟಿದ್ದೆ, ಆಟ ಕೊಟ್ಟಿರಲಿಲ್ಲ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಬೆಳಗ್ಗೆ ತಾನೇ ನನ್ನಿಂದ ಎರಡು ಗೇಮ್ ತಗೊಂಡು ಹೋಗಿದ್ದ ಹುಡುಗ.

"ಅಣ್ಣಾ, ಒಂದು ಗೇಮ್ ಓಪನ್ ಆಗ್ತಿಲ್ಲ. ಆಕ್ಟಿವೇಶನ್ ಲಿಮಿಟ್ ಮುಗಿದಿದೆ ಅಂತ ಬರ್ತಿದೆ."

ದನಿ ಮೆಲ್ಲಗಿತ್ತು. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಕೋ ಬೇಡವೋ ಅಂತ ತಿಳಿಯದೆ ತಡವರಿಸುವವನ ದನಿ. ನನ್ನ ಬಾಯಿಂದ ಮೊದಲು ಬಂದ ಮಾತು, "ಹಾಗಾಗೋಕೆ ಸಾಧ್ಯವೇ ಇಲ್ಲಪ್ಪಾ, ನಾನು ಒಂದೇ ಸಲ ಹಾಕಿದ್ದು."

ಅದು ಸುಳ್ಳಾಗಿತ್ತು. ಬೇಕಂತಲೇ ಹೇಳಿದ್ದಲ್ಲ. ಆದರೂ ಸುಳ್ಳು.

ಇದು 2009ರ ಕೊನೆಯ ಮಾತು. ಆಗ ಗೇಮ್ ಅಂದರೆ ಒಂದು ಡಬ್ಬಿ. ಒಳಗೆ ಡಿವಿಡಿ, ಒಂದು ಪುಟ್ಟ ಪುಸ್ತಕ, ಆ ಪುಸ್ತಕದ ಬೆನ್ನಿಗೆ ಸೀರಿಯಲ್ ಕೀ ಇರುವ ಚೀಟಿ. ಆಡಿ ಮುಗಿಸಿದ್ದನ್ನು ಇನ್ನೊಬ್ಬರಿಗೆ ಕೊಡುವುದು, ಅವರು ಮುಗಿಸಿದ್ದನ್ನು ನಾವು ತರುವುದು. ವರ್ಷಗಟ್ಟಲೆ ನಾನು ಹೀಗೇ ಆಡಿದವನು. ಎಷ್ಟೋ ಗೇಮ್‌ಗಳನ್ನು ಅಂಗಡಿಯಲ್ಲಿ ಹೊಸದಾಗಿ ಕೊಳ್ಳುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಬದಲಿ ಮಾಡಿಕೊಂಡಿದ್ದಕ್ಕೇ ಅವು ನನಗೆ ಸಿಕ್ಕವು. ಅದರಲ್ಲಿ ಇನ್ನೊಂದು ಖುಷಿಯೂ ಇತ್ತು. ಬೇರೆಯವರ ಕೈಯಿಂದ ಬಂದ ಪುಸ್ತಕದಲ್ಲಿ ಅವರ ಗುರುತು ಇರುತ್ತಿತ್ತು. ಒಬ್ಬರು ಪೆನ್ಸಿಲ್‌ನಲ್ಲಿ ನಕ್ಷೆ ಬಿಡಿಸಿಟ್ಟಿದ್ದರು. ಇನ್ನೊಬ್ಬರು ಬೀಗದ ನಂಬರನ್ನು ಮೂಲೆಯಲ್ಲಿ ಬರೆದು, ಅದರ ಸುತ್ತ ವೃತ್ತ ಎಳೆದಿದ್ದರು. ನೋಡದವರ ಜೊತೆ ಕೂತು ಆಡಿದ ಹಾಗಿರುತ್ತಿತ್ತು.

ಬದಲಿ ಮಾಡುವಾಗ ನೋಡುತ್ತಿದ್ದದ್ದು ಮೂರೇ. ಡಿಸ್ಕನ್ನು ಬೆಳಕಿಗೆ ಹಿಡಿದು ಗೀರು ಇದೆಯಾ ಅಂತ. ಎರಡು ಡಿಸ್ಕ್ ಇರಬೇಕಾದ ಕಡೆ ಎರಡೂ ಇವೆಯಾ ಅಂತ. ಕೀ ಇರುವ ಚೀಟಿ ಹರಿದಿಲ್ಲ ತಾನೇ ಅಂತ. ಅಷ್ಟೇ ಸಾಕಾಗಿತ್ತು. ಯಾಕೆಂದರೆ ಹಳೆಯ ಗೇಮ್‌ಗಳಲ್ಲಿ ಬೀಗ ಇದ್ದದ್ದು ಡಿಸ್ಕ್‌ನಲ್ಲೇ. ಸೇಫ್‌ಡಿಸ್ಕ್ ಅಂತ ಒಂದಿತ್ತು, ಸೆಕ್ಯುರಾಮ್ ಅಂತ ಇನ್ನೊಂದು. ಗೇಮ್ ಶುರುವಾಗುವಾಗ ಡ್ರೈವ್‌ನಲ್ಲಿ ಇರುವುದು ಅಸಲಿ ಡಿಸ್ಕಾ ಅಂತ ಅವು ನೋಡುತ್ತಿದ್ದವು. ಅಸಲಿಯಾದರೆ ಗೇಮ್ ಓಡುತ್ತದೆ. ಡಿಸ್ಕ್ ನನ್ನ ಕೈ ಬಿಟ್ಟರೆ ನಾನು ಆಡುವ ಹಾಗಿಲ್ಲ, ನಿಮ್ಮ ಕೈ ಸೇರಿದರೆ ನೀವು ಆಡಬಹುದು. ಪುಸ್ತಕ ಕೊಟ್ಟಷ್ಟೇ ಸರಳ.

2007ರಿಂದ ಆ ಲೆಕ್ಕ ಬದಲಾಯಿತು. ಆ ವರ್ಷ ಬಂದ ಬಯೋಶಾಕ್ ಗೇಮ್‌ಗೆ ಇಂಟರ್ನೆಟ್ ಮೂಲಕ ಆಕ್ಟಿವೇಶನ್ ಬೇಕಿತ್ತು. ಅಂದರೆ ಕಂಪ್ಯೂಟರ್‌ಗೆ ಹಾಕಿದಾಗ ಕಂಪನಿಯ ಸರ್ವರ್ ಒಪ್ಪಿಗೆ ಕೊಟ್ಟರೆ ಮಾತ್ರ ಗೇಮ್ ಓಡುತ್ತಿತ್ತು, ಅದೂ ಮೊದಲಿಗೆ ಎರಡೇ ಸಲ. ಆಡುವವರು ಗಲಾಟೆ ಮಾಡಿದ ಮೇಲೆ ಐದಕ್ಕೆ ಏರಿಸಿದರು. 2008ರಲ್ಲಿ ಆ ಮಿತಿಯನ್ನೇ ತೆಗೆದರು. ಆದರೆ ಅದೇ 2008ರಲ್ಲಿ ಮಾಸ್ ಎಫೆಕ್ಟ್ ಮೂರು ಆಕ್ಟಿವೇಶನ್ ಜೊತೆ ಕಂಪ್ಯೂಟರ್‌ಗೆ ಬಂತು. ಸ್ಪೋರ್ ಕೂಡ ಮೂರರ ಜೊತೆಗೇ ಬಂತು. ಸ್ಪೋರ್ ಬಂದಾಗ ಅಮೆಜಾನ್‌ನಲ್ಲಿ ಜನ ಸಾಲುಸಾಲಾಗಿ ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರ ಸಿಟ್ಟು ಆಟದ ಮೇಲಲ್ಲ, ಬೀಗದ ಮೇಲೆ. ನಾನೂ ಅದನ್ನೆಲ್ಲ ಓದಿದ್ದೆ. ಹೌದು, ಇದು ಸರಿಯಲ್ಲ ಅಂದುಕೊಂಡಿದ್ದೆ. ಆದರೆ ನನ್ನ ಕಪಾಟಿನಲ್ಲೇ ಇದ್ದ ಒಂದು ಡಬ್ಬಿಗೂ ಅದು ತಾಗುತ್ತದೆ ಅಂತ ತಲೆಗೆ ಹೋಗಿರಲಿಲ್ಲ.

ಫೋನ್ ಇಟ್ಟ ಮೇಲೆ ಒಂದು ಹಾಳೆ ತಗೊಂಡು ಕೂತೆ.

ಗೇಮ್ ತಂದ ದಿನ ನನ್ನ ಕಂಪ್ಯೂಟರ್‌ನಲ್ಲಿ ಹಾಕಿದ್ದು, ಒಂದು. ಆಮೇಲೆ ಆಫೀಸಿನಿಂದ ಕೊಟ್ಟಿದ್ದ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ ಅಂತ ಸುಮ್ನೆ ಒಂದು ಸಂಜೆ ಹಾಕಿ ನೋಡಿದ್ದೆ. ಹತ್ತು ನಿಮಿಷ ಎಳೆದಾಡಿ ತೆಗೆದಿದ್ದೆ. ಅದು ಎರಡು. ಕೆಲವು ತಿಂಗಳ ನಂತರ ಗ್ರಾಫಿಕ್ಸ್ ಕಾರ್ಡ್ ಬದಲಿಸಿ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಮತ್ತೆ ಅದೇ ಗೇಮ್ ಹಾಕಿದ್ದೆ. ಮೂರು. ನನ್ನ ಮನಸ್ಸಿನಲ್ಲಿ ಇವೆಲ್ಲ ಸೇರಿ ಒಂದೇ ಸಲ. ಒಬ್ಬನೇ ಮನುಷ್ಯ, ಒಂದೇ ಆಟ, ಒಂದೇ ಮೇಜು. ಸರ್ವರ್‌ನ ಲೆಕ್ಕ ಬೇರೆ. ಅದು ನೋಡುವುದು ಮನುಷ್ಯನನ್ನಲ್ಲ. ಕಂಪ್ಯೂಟರ್‌ನ ಭಾಗಗಳನ್ನೆಲ್ಲ ನೋಡಿ ಒಂದು ಸಂಖ್ಯೆ ಮಾಡಿಕೊಳ್ಳುತ್ತದೆ. ಆ ಸಂಖ್ಯೆ ಬದಲಾದರೆ, ಅದರ ಮಟ್ಟಿಗೆ ಅದು ಹೊಸ ಯಂತ್ರ.

ಅನ್‌ಇನ್‌ಸ್ಟಾಲ್ ಮಾಡಿದ್ದೆನಲ್ಲ? ಅದೂ ಲೆಕ್ಕಕ್ಕಿಲ್ಲ. ಕೆಲವು ಗೇಮ್‌ಗಳಲ್ಲಿ ತೆಗೆದ ಕೂಡಲೇ ಆಕ್ಟಿವೇಶನ್ ತಾನಾಗಿ ವಾಪಸ್ ಬರುತ್ತಿತ್ತು. ಫಾರ್ ಕ್ರೈ 2 ಹಾಗಿತ್ತು. ನನ್ನದು ಹಾಗಿರಲಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಬೇಕು ಅಂತ ಬರೆದಿದ್ದರು. ಎಷ್ಟು ಉಳಿದಿದೆ ಅಂತ ತೋರಿಸುವ ಜಾಗ ಡಬ್ಬಿಯ ಮೇಲೂ ಇರಲಿಲ್ಲ, ಗೇಮ್‌ನ ಒಳಗೂ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಡಿಸ್ಕ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನೇ ಹಾಗೆ ಹಿಡಿದು ಆ ಹುಡುಗನಿಗೆ ತೋರಿಸಿದ್ದೆ, "ನೋಡು, ಒಂದು ಗೀರಿಲ್ಲ" ಅಂತ. ಆ ಮಾತು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಸಿಗೆ ಬಿಟ್ಟು ಎದ್ದು ಹುಡುಕಲು ಕೂತೆ. ಒಂದು ದಾರಿ ಸಿಕ್ಕಿತು. ಪ್ರಕಾಶಕರು ಒಂದು ಚಿಕ್ಕ ಟೂಲ್ ಬಿಟ್ಟಿದ್ದರು. ಯಾವ ಕಂಪ್ಯೂಟರ್‌ನಲ್ಲಿ ಗೇಮ್ ಆಕ್ಟಿವೇಟ್ ಆಗಿದೆಯೋ ಅದರಲ್ಲೇ ಅದನ್ನು ಓಡಿಸಿದರೆ ಆ ಒಂದು ಆಕ್ಟಿವೇಶನ್ ವಾಪಸ್ ಬರುತ್ತದೆ. ಅದರಲ್ಲೇ ಓಡಿಸಬೇಕು, ಬೇರೆಲ್ಲೂ ಅಲ್ಲ. ಬೆಳಗ್ಗೆಯೇ ಹುಡುಗನಿಗೆ ಫೋನ್ ಮಾಡಿದೆ. "ನಿನ್ನೆ ನಾನು ಹೇಳಿದ್ದು ತಪ್ಪು. ಮೂರು ಸಲ ಹಾಕಿದ್ದೀನಿ. ನಂಗೆ ಗೊತ್ತಾಗಲಿಲ್ಲ. ಡಿಸ್ಕ್ ತಗೊಂಡು ಬಾ, ಸರಿ ಮಾಡೋಕೆ ನೋಡೋಣ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಬರ್ತೀನಿ ಅಣ್ಣಾ" ಅಂದ.

ಸಂಜೆ ಬಂದ. ಅವನು ಬದಲಿಗೆ ಕೊಟ್ಟಿದ್ದ ಎರಡೂ ಗೇಮ್‌ಗಳನ್ನು ಮೊದಲೇ ಮೇಜಿನ ಮೇಲೆ ತೆಗೆದಿಟ್ಟಿದ್ದೆ. "ನಿನ್ನದು ಓಡೋವರೆಗೆ ಇವು ನಿನ್ನ ಹತ್ತಿರವೇ ಇರಲಿ" ಅಂದೆ. ಅವನು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಗೇಮ್ ಮತ್ತೆ ನನ್ನ ಕಂಪ್ಯೂಟರ್‌ಗೆ ಇಳಿಯತೊಡಗಿತು. ನನಗೆ ಒಂದೇ ಚಿಂತೆ. ನಾನು ಆಮೇಲೆ ಯಾವ ಭಾಗವನ್ನೂ ಬದಲಿಸಿರಲಿಲ್ಲ, ಹಾಗಾಗಿ ಸರ್ವರ್ ಇದನ್ನು ಹಳೆಯ ಯಂತ್ರ ಅಂತ ಗುರುತಿಸಬೇಕು. ಗುರುತಿಸದಿದ್ದರೆ ನಮ್ಮ ಹತ್ತಿರ ಬೇರೆ ದಾರಿ ಇಲ್ಲ. ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು. ಹುಡುಗ ಒಂದೊಂದೇ ಪ್ರಶ್ನೆ ಕೇಳಿದ.

"ಅಣ್ಣಾ, ನಾನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ್ರೆ?"

"ಅದಕ್ಕಿಂತ ಮುಂಚೆ ಟೂಲ್ ಓಡಿಸಬೇಕು."

"ಹಾರ್ಡ್ ಡಿಸ್ಕೇ ಕೆಟ್ಟು ಹೋದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೆಡುವ ವಸ್ತು ಹೇಳಿ ಕೆಡುವುದಿಲ್ಲ ಅಲ್ವಾ? ಇಂಥ ಮಿತಿ ಹಾಕಿದವರು ಎಲ್ಲರೂ ಮುಂಚಿತವಾಗಿ ತಯಾರಿ ಮಾಡಿಕೊಂಡು ಕಂಪ್ಯೂಟರ್ ಬದಲಿಸುತ್ತಾರೆ ಅಂದುಕೊಂಡಿದ್ದರು. ಆ ಹುಡುಗ ಎರಡೇ ಪ್ರಶ್ನೆಯಲ್ಲಿ ಅದರ ತಪ್ಪು ತೋರಿಸಿಬಿಟ್ಟ.

ಗೇಮ್ ತೆರೆದುಕೊಂಡಿತು. ಸರ್ವರ್ ನನ್ನ ಯಂತ್ರವನ್ನು ಗುರುತಿಸಿತ್ತು. ಮುಖ್ಯ ಮೆನುವಿನ ಸಂಗೀತ ಕೇಳಿದ್ದೇ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಆಡಲಿಲ್ಲ, ಕೂಡಲೇ ಮುಚ್ಚಿ ಟೂಲ್ ಓಡಿಸಿದೆವು. ಒಂದು ಆಕ್ಟಿವೇಶನ್ ವಾಪಸ್ ಹೋಯಿತು ಅಂತ ಬರೆದು ಬಂತು. ಉಳಿದ ಎರಡು ಸಿಗಲೇ ಇಲ್ಲ. ಲ್ಯಾಪ್‌ಟಾಪನ್ನು ಆಫೀಸಿಗೆ ಮರಳಿಸಿ ಬಹಳ ದಿನ ಆಗಿತ್ತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಯಾರ ಕಂಪ್ಯೂಟರ್‌ನಲ್ಲಿತ್ತೋ, ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಮತ್ತೆ ಒಂಬತ್ತೂವರೆ ಹೊತ್ತಿಗೆ ಫೋನ್. "ಓಪನ್ ಆಯ್ತು ಅಣ್ಣಾ!" ಮೆಲ್ಲಗಿನ ದನಿ ಹೋಗಿ ಹುಡುಗನ ದನಿ ಬಂದಿತ್ತು.

ಕಳೆದುಹೋದ ಎರಡಕ್ಕಾಗಿ ಪ್ರಕಾಶಕರ ಸಹಾಯ ವಿಭಾಗಕ್ಕೆ ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಗೇಮನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇನೆ ಅಂತಲೂ. ಮೊದಲು ಕೊಂಡವರಿಗೆ ಮಾತ್ರ ಸಹಾಯ ಮಾಡುತ್ತೇವೆ ಅಂತ ಉತ್ತರ ಬಂತು. ಅವನಿಗೆ ಕೊಟ್ಟಿದ್ದನ್ನು ಬಿಟ್ಟು ಬರೆದಿದ್ದರೆ ಬಹುಶಃ ಸಿಗುತ್ತಿತ್ತು. ಆದರೂ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಕೊಂಡ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು ಮುಚ್ಚಿಡಬೇಕಾದ ಕೆಲಸ ಅಂತ ನನಗೆ ಅವತ್ತೂ ಅನಿಸಿರಲಿಲ್ಲ, ಇವತ್ತೂ ಅನಿಸುವುದಿಲ್ಲ.

ಈ ವಿಷಯಕ್ಕೆ ಹಳೆಯ ಬೇರುಗಳಿವೆ. 1908ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಪುಸ್ತಕಗಳ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತ್ತು. ಒಮ್ಮೆ ಮಾರಿದ ಪ್ರತಿಯನ್ನು ಮುಂದೆ ಎಷ್ಟಕ್ಕೆ ಮಾರಬೇಕು ಅಂತ ಪ್ರಕಾಶಕರು ಹೇಳುವ ಹಾಗಿಲ್ಲ ಅಂತ. ಸಾಫ್ಟ್‌ವೇರ್ ಬಂದಾಗ, ಇದು ಮಾರಾಟವೇ ಅಲ್ಲ, ಬರೀ ಬಳಸುವ ಅನುಮತಿ ಅನ್ನುವ ವಾದ ಹುಟ್ಟಿತು. 2010ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ ಆಟೋಡೆಸ್ಕ್ ಮೊಕದ್ದಮೆಯಲ್ಲಿ ಆ ವಾದವನ್ನು ಒಪ್ಪಿತು. ಯುರೋಪಿನಲ್ಲಿ ಬೇರೆ ಥರ ಆಯಿತು. 2012ರ ಜುಲೈನಲ್ಲಿ, ಒರಾಕಲ್ ಮತ್ತು ಯೂಸ್ಡ್‌ಸಾಫ್ಟ್ ಮೊಕದ್ದಮೆಯಲ್ಲಿ, ಕಾಲಮಿತಿ ಇಲ್ಲದೆ ಮಾರಿದ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿದ್ದಾದರೂ ಇನ್ನೊಬ್ಬರಿಗೆ ಮಾರಬಹುದು ಅಂತ ಅಲ್ಲಿನ ನ್ಯಾಯಾಲಯ ಹೇಳಿತು. ಒಂದು ಷರತ್ತು ಇತ್ತು. ಕೊಡುವವರು ತಮ್ಮ ಕಂಪ್ಯೂಟರ್‌ನಲ್ಲಿ ಇರುವ ಪ್ರತಿಯನ್ನು ಬಳಸದ ಹಾಗೆ ಮಾಡಬೇಕು. ಅದನ್ನು ಓದಿದಾಗ ನನಗೆ ಆ ಸಂಜೆಯೇ ಕಣ್ಣಮುಂದೆ ಬಂತು. ಹುಡುಗನ ಪಕ್ಕ ಕೂತು ನಾನು ಮಾಡಿದ್ದು ಅದನ್ನೇ.

ಅದೇ 2012ರ ಜನವರಿಯಲ್ಲಿ ಅನ್ನೊ 2070 ಗೇಮ್‌ನ ಸುದ್ದಿ ಬಂದಾಗಲೂ ಹಾಗೇ ಆಯಿತು. ಗುರು3ಡಿ ಅನ್ನುವ ತಾಣದವರು ಹೊಸ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಅಳೆದು ನೋಡಲು ಆ ಗೇಮ್ ಬಳಸುತ್ತಿದ್ದರು. ಕಾರ್ಡ್ ಬದಲಿಸಿದಾಗೆಲ್ಲ ಒಂದೊಂದು ಆಕ್ಟಿವೇಶನ್ ಹೋಗಿ ಅವರ ಮೂರೂ ಮುಗಿದಿದ್ದವು. ಕಂಪ್ಯೂಟರ್ ಬಗ್ಗೆಯೇ ಬರೆಯುವ ಮಂದಿಗೂ ಹೀಗಾದರೆ, ಕಾಲೇಜಿನ ಹುಡುಗ ಏನು ಮಾಡಬೇಕಿತ್ತು?

ಅವತ್ತಿನಿಂದ ನನ್ನ ಬದಲಿ ಮಾಡುವ ರೀತಿ ಬೇರೆಯಾಯಿತು. ಪ್ರತಿ ಡಬ್ಬಿಯಲ್ಲೂ ಒಂದು ಚೀಟಿ ಇಡುತ್ತೇನೆ. ಯಾವ ದಿನ, ಯಾವ ಯಂತ್ರದಲ್ಲಿ ಹಾಕಿದೆ, ಯಾವಾಗ ವಾಪಸ್ ಪಡೆದೆ, ಎಲ್ಲ ಬರೆಯುತ್ತೇನೆ. ಗೇಮ್ ತೆಗೆಯುವ ಮೊದಲು ಟೂಲ್ ಓಡಿಸುತ್ತೇನೆ, ತೆಗೆದ ಮೇಲಲ್ಲ. ಇನ್ನೊಬ್ಬರಿಂದ ತಗೊಳ್ಳುವಾಗ ಗೀರು ನೋಡುವ ಮೊದಲು ಕೇಳುವುದು, "ಎಷ್ಟು ಕಂಪ್ಯೂಟರ್‌ಗೆ ಹಾಕಿದ್ದೀರಿ? ನಡುವೆ ಏನಾದರೂ ಬದಲಿಸಿದ್ದೀರಾ?" ಕೆಲವರಿಗೆ ಇದು ಅನುಮಾನ ಪಟ್ಟ ಹಾಗೆ ಕೇಳುತ್ತದೆ. ನಾನು ನನ್ನ ಕಥೆ ಹೇಳುತ್ತೇನೆ. ಆಮೇಲೆ ಅವರೂ ಬೆರಳು ಮಡಚಿ ಎಣಿಸತೊಡಗುತ್ತಾರೆ. ನಾಲ್ಕೈದು ಜನ ಎಣಿಸುತ್ತಲೇ ನಿಂತು, "ಅಯ್ಯೋ, ಇದು ಕೊಡೋಕೆ ಬರಲ್ಲ" ಅಂದಿದ್ದಾರೆ. ಅವರೂ ನನ್ನ ಹಾಗೆಯೇ, ಯಾರೂ ಮೋಸ ಮಾಡುವವರಲ್ಲ.

ಈಗ ಬದಲಿ ಮಾಡುವುದೇ ಕಡಿಮೆ. ಹೆಚ್ಚಿನ ಗೇಮ್‌ಗಳು ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿರುವ ನಮ್ಮ ಖಾತೆಗೆ ಅಂಟಿಕೊಂಡಿರುತ್ತವೆ. ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದು, ಆಡಿ ಮುಗಿಸಿದ್ದನ್ನು ಒಬ್ಬರಿಗೂ ಕೊಡಲಾಗದು. ಹಳೆಯ ಡಿಸ್ಕ್‌ಗಳ ಕಥೆಯೂ ಕಷ್ಟವೇ. 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಇರುವ ಗೇಮ್‌ಗಳು ಅದರಲ್ಲಿ ಓಡಲಿಲ್ಲ, ಸೆಕ್ಯುರಾಮ್‌ನ ಹಳೆಯ ಕೆಲವೂ ಅಷ್ಟೇ. ಆ ಹುಡುಗ ಕೊಟ್ಟಿದ್ದ ಎರಡರಲ್ಲಿ ಒಂದು ಹಾಗೆ ನಿಂತುಹೋಯಿತು. ಅದಕ್ಕಾಗಿಯೇ ಒಂದು ಹಳೆಯ ಕಂಪ್ಯೂಟರನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಹೋದ ತಿಂಗಳು ಕಪಾಟು ಜೋಡಿಸುವಾಗ ಎಲ್ಲ ಡಬ್ಬಿಗಳನ್ನೂ ತೆರೆದು ಚೀಟಿ ನೋಡಿದೆ. ಎರಡು ಡಬ್ಬಿಯಲ್ಲಿ ಚೀಟಿ ಇರಲಿಲ್ಲ. ಆ ಹುಡುಗ ಬರುವುದಕ್ಕಿಂತ ಮುಂಚಿನವು ಅವು. ಎಷ್ಟು ಸಲ ಹಾಕಿದ್ದೆನೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವೆರಡನ್ನೂ ಬೇರೆ ಇಟ್ಟು ಒಂದೊಂದು ಚೀಟಿ ಹಾಕಿದೆ, 'ಲೆಕ್ಕ ಗೊತ್ತಿಲ್ಲ' ಅಂತ. ಯಾರಾದರೂ ಕೇಳಿದರೆ ಹಾಗೇ ಕೊಡುತ್ತೇನೆ, ಬದಲಿಗೆ ಏನೂ ತಗೊಳ್ಳುವುದಿಲ್ಲ.