ದಣಿದ ಮಣಿಗಳು

ಗದಗಿನ ನಮ್ಮ ಬೋರ್‌ವೆಲ್ ನೀರಿಗೆ ಸಾಬೂನು ನೊರೆಯೇ ಬರಲ್ಲ. ಇವತ್ತು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ರಿಪೇರಿಗೆ ಬಂದವರು ಒಳಗಿನ ರೆಸಿನ್ ನನ್ನ ಅಂಗೈಗೆ ಸುರಿದರು. ಸಾಸಿವೆಗಿಂತ ಸಣ್ಣ, ಜೇನು ಬಣ್ಣದ ಪ್ಲಾಸ್ಟಿಕ್ ಮಣಿಗಳು. ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ.

"ದಣದಾವ್ರೀ ಅಕ್ಕಾರ, ಉಪ್ಪಿನ ನೀರು ಕುಡಸ್ರಿ, ಮತ್ತ ದುಡೀತಾವ" ಅಂದರು. ಎತ್ತಿನ ಬಗ್ಗೆ ಹೇಳಿದ ಹಾಗೆ!

ಇವಕ್ಕಿಂತ ಜಾಸ್ತಿ ಆರಿಸಿ ಹಿಡಿಯುವ ಮಣಿಗಳೂ ಇವೆ. ಮಣಿಯ ಪ್ಲಾಸ್ಟಿಕ್‌ಗೆ (ಪಾಲಿಮರ್) ಲೋಹ ಹಿಡಿಯುವ ಇಮಿನೋಡೈಅಸಿಟಿಕ್ ಆಸಿಡ್ ಗುಂಪು ಜೋಡಿಸಿದರೆ, ಸುತ್ತ ಕ್ಯಾಲ್ಸಿಯಂ ತುಂಬಿದ್ದರೂ ತಾಮ್ರವನ್ನೇ ಹುಡುಕಿ ಏಡಿಯ ಹಾಗೆ ಕಚ್ಚಿಕೊಳ್ಳುತ್ತವೆ. ಸಂತೆಯಲ್ಲಿ ಅವ್ವ ಮುಳಗಾಯಿ ಆರಿಸುತ್ತಾಳಲ್ಲ, ಥೇಟ್ ಹಾಗೇ. ಆಸಿಡ್‌ನಲ್ಲಿ ತೊಳೆದರೆ ತಾಮ್ರ ವಾಪಸ್.

ನಮ್ಮವು ಅಷ್ಟು ಜಾಣ ಅಲ್ಲ, ಪಾಪ. ಸಂಜೆ ಉಪ್ಪಿನ ಚೀಲ ತರಬೇಕು.