ಆ ಸೂರ್ಯನನ್ನು ಸಾಯಿಸೋಕಾಗುತ್ತಾ?

ಮುಂಬೈ ಮಾಟುಂಗಾದ ನಮ್ಮ ಮನೆಯಲ್ಲಿ ಹಳೇ ಟಿವಿ ವಿಡಿಯೋ ಗೇಮ್ ಇನ್ನೂ ನಡೆಯುತ್ತದೆ. ಹಾಗಾಗಿ ರಜೆಗೆ ಉಡುಪಿಯಿಂದ ಬರುವ ಅಕ್ಕನ ಮಕ್ಕಳಿಂದ ಹಿಡಿದು ಆಫೀಸಿನ ಗೆಳೆಯರವರೆಗೆ ಎಲ್ಲರದೂ, ಮಾರಿಯೋ ಎಂಬ ಗೊಂಬೆಯನ್ನು ಓಡಿಸುವ ಆಟದ ಬಗ್ಗೆ, ಒಂದೇ ಪ್ರಶ್ನೆ. "ಮಾಮಾ, ಮಾರಿಯೋ 3ರಲ್ಲಿ ಸಿಟ್ಟಿನ ಸೂರ್ಯ ಬರ್ತಾನಲ್ಲ, ಅವನನ್ನು ಸಾಯಿಸೋಕಾಗುತ್ತಾ?"

ಆಗುತ್ತೆ. ಆಮೆಯ ಚಿಪ್ಪು ಬೇಕು.

ಆಟದಲ್ಲಿ ಎದುರಾಗುವ ಆಮೆಯ ಮೇಲೆ ಹಾರಿ, ಅದು ಚಿಪ್ಪಿನೊಳಗೆ ಸೇರಿಕೊಂಡ ಮೇಲೆ ಬಿ ಬಟನ್ ಒತ್ತಿಹಿಡಿದು ಚಿಪ್ಪನ್ನು ಎತ್ತಿಕೊಳ್ಳಿ. ಮೊದಲ ಮಾರಿಯೋದಲ್ಲಿ ಚಿಪ್ಪನ್ನು ಒದೆಯಬಹುದಿತ್ತು ಅಷ್ಟೇ, ಎತ್ತಿಕೊಂಡು ಓಡಾಡುವ ಸೌಲಭ್ಯ ಬಂದಿದ್ದು 3ರಲ್ಲಿ. ಸೂರ್ಯ ನೇರವಾಗಿ ಬೀಳುವುದಿಲ್ಲ. ಪರದೆಯ ಒಂದು ಮೂಲೆಯಿಂದ ಉಯ್ಯಾಲೆ ತೂಗಿದ ಹಾಗೆ ಕೆಳಗಿಳಿದು, ಇನ್ನೊಂದು ಮೂಲೆಗೆ ಏರುತ್ತಾನೆ. ಅವನು ತೀರಾ ಕೆಳಗೆ ಬರುವ ಆ ಗಳಿಗೆಗೆ ಕಾದು ಬಟನ್ ಬಿಡಿ, ಚಿಪ್ಪು ಹೋಗಿ ಅವನಿಗೆ ಬಡಿಯುತ್ತದೆ. ತಲೆ ಮೇಲೆ ಹಾರಿ ತುಳಿಯಲು ಹೋಗಬೇಡಿ, ನೀವೇ ಔಟ್. ಸಾಯಿಸಲೇಬೇಕು ಅಂತೇನೂ ಇಲ್ಲ. ಅವನು ಇಳಿದಾಗ ತಪ್ಪಿಸಿಕೊಂಡು, ಮೇಲೇರಿದಾಗ ಓಡುತ್ತಾ ಲೆವೆಲ್ ಮುಗಿಸಬಹುದು.

ಆದರೆ ಇಷ್ಟು ವರ್ಷವಾದರೂ ಜನ ಇವನ ಬಗ್ಗೆಯೇ ಯಾಕೆ ಕೇಳುತ್ತಾರೆ? ಜಪಾನಿನಲ್ಲಿ 1988ರ ಅಕ್ಟೋಬರ್‌ನಲ್ಲಿ ಬಂದ ಆಟ ಇದು. ಅದರಲ್ಲಿ ಎಂಟು ಲೋಕಗಳಿವೆ, ಲೆಕ್ಕವಿಲ್ಲದಷ್ಟು ಆಮೆ, ಮೀನು, ಭೂತಗಳಿವೆ. ಸೂರ್ಯ ಬರುವುದು ಎರಡೇ ಕಡೆ: ಎರಡನೇ ಲೋಕದ ಮರಳುಗಾಡಿನ ಒಂದು ಲೆವೆಲ್‌ನಲ್ಲಿ, ಆಮೇಲೆ 8-2ರಲ್ಲಿ, ಅಂದರೆ ಎಂಟನೇ ಲೋಕದ ಎರಡನೇ ಲೆವೆಲ್‌ನಲ್ಲಿ. ಅಪರೂಪ ಅನ್ನುವುದೊಂದೇ ಕಾರಣವಲ್ಲ. ದೊಡ್ಡ ಹಸಿರು ಬೂಟಿನೊಳಗೆ ಕೂತು ಕುಪ್ಪಳಿಸುವ ಗೂಂಬಾ (ಅಣಬೆಯಂಥ ಪುಟ್ಟ ಶತ್ರು) 5-3 ಒಂದರಲ್ಲೇ ಸಿಗುತ್ತಾನೆ, ಸೂರ್ಯನಿಗಿಂತ ಅಪರೂಪ. ಆದರೆ ಅವನ ಬೂಟು ಕಿತ್ತುಕೊಂಡು ನಾವೇ ಹಾಕಿಕೊಳ್ಳಬಹುದು. ಹಾಗಾಗಿ ಎಲ್ಲರಿಗೂ ಬೂಟು ನೆನಪಿದೆ, ಗೂಂಬಾ ನೆನಪಿಲ್ಲ.

ಸೂರ್ಯನ ಕತೆ ಬೇರೆ. ಮಾರಿಯೋ ಆಡುವವರಿಗೆ ಒಂದು ನಂಬಿಕೆ ಬೆಳೆದಿರುತ್ತದೆ: ಗುಡ್ಡ, ಪೊದೆ, ಮೋಡ ಇವೆಲ್ಲ ಸುಮ್ನೆ ಅಲಂಕಾರಕ್ಕೆ, ನಮಗೇನೂ ಮಾಡುವುದಿಲ್ಲ. 1985ರ ಮೊದಲ ಆಟದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಂಥದ್ದಕ್ಕೆ ಯಾರು ಹೆದರುತ್ತಾರೆ? ಮರಳುಗಾಡಿನ ಲೆವೆಲ್‌ನಲ್ಲಿ ಸೂರ್ಯ ಶುರುವಿನಿಂದಲೇ ಮೇಲೆ ಎಡಮೂಲೆಯಲ್ಲಿ ಇದ್ದಾನೆ. ಹುಬ್ಬು ಗಂಟಿಕ್ಕಿದ್ದಾನೆ ಕೂಡ. ಆದರೂ ನಮ್ಮ ಕಣ್ಣು ಕೆಳಗೆ, ಕಾಲಿಟ್ಟರೆ ಒಳಗೆಳೆಯುವ ಮರಳಿನ ಮೇಲೆ.

ಇಲ್ಲೊಂದು ಸುಳಿವಿದೆ. ನನಗೆ ಇಡೀ ಆಟದಲ್ಲಿ ಅತಿ ಇಷ್ಟವಾದದ್ದು ಇದೇ. ಮಾರಿಯೋ ಮುಂದೆ ಹೋದಂತೆ ಚಿತ್ರವೆಲ್ಲ ಎಡಕ್ಕೆ ಸರಿಯುತ್ತದೆ. ಸೂರ್ಯ ಸರಿಯುವುದಿಲ್ಲ. ಅಂದರೆ ಅವನು ಹಿನ್ನೆಲೆಯ ಚಿತ್ರವೇ ಅಲ್ಲ. ಆಮೆ, ಗೂಂಬಾಗಳ ಹಾಗೆ ಬೇರೆಯಾಗಿ ಓಡಾಡಿಸುವ ಗೊಂಬೆ. ಇಷ್ಟು ದೊಡ್ಡ ಸುಳಿವು ಕಣ್ಣೆದುರೇ ಇದ್ದರೂ ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ ನಿಜವಾದ ಸೂರ್ಯನೂ ಹಾಗೇ ಅಲ್ವಾ? ಬೆಳಗ್ಗೆ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ದಾದರ್, ಪರೇಲ್, ಬೈಕಲಾ ಎಲ್ಲ ಹಿಂದಕ್ಕೆ ಓಡುತ್ತವೆ, ಸೂರ್ಯ ಮಾತ್ರ ನಮ್ಮ ಜೊತೆಗೇ ಬರುತ್ತಾನೆ. ಆಟ ಕಟ್ಟಿದವರು ನಮ್ಮ ಈ ಅಭ್ಯಾಸದ ಹಿಂದೆಯೇ ಶತ್ರುವನ್ನು ಬಚ್ಚಿಟ್ಟರು. ಅರ್ಧ ದಾರಿ ಕಳೆದ ಮೇಲೆ ಅವನು ಮೂಲೆ ಬಿಟ್ಟು ಇಳಿದು ಬರುತ್ತಾನೆ. ಎಂಥ ಜಾಣತನ!

ಇದನ್ನು ಐದಾರು ಲೆವೆಲ್‌ಗಳಲ್ಲಿ ಮಾಡಿದ್ದರೆ ಕೆಟ್ಟುಹೋಗುತ್ತಿತ್ತು. ಮೂರನೇ ಸಲ ಸೂರ್ಯ ಕಂಡಾಗ ನಾವು ಮೊದಲೇ ಚಿಪ್ಪು ಹುಡುಕುತ್ತಿದ್ದೆವು. ಆಟದ ನಿರ್ದೇಶಕರಾದ ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಅವರ ತಂಡ ಎರಡಕ್ಕೇ ನಿಲ್ಲಿಸಿತು. ಚೆನ್ನಾಗಿ ಬಂದದ್ದನ್ನು ಮತ್ತೆ ಮತ್ತೆ ಬಳಸದೆ ಬಿಡುವುದು ಸುಲಭವಲ್ಲ.

ನಮ್ಮಲ್ಲಿ ಜಾಸ್ತಿ ಜನ ಆಡಿದ್ದು ಮೊದಲ ಮಾರಿಯೋ. ಅದು ಬರೀ 40 ಕಿಲೋಬೈಟ್‌ನ ಆಟ, ಹತ್ತಾರು ಆಟಗಳಿರುವ ಅಗ್ಗದ ಕ್ಯಾಸೆಟ್‌ನಲ್ಲೂ ಹಿಡಿಸುತ್ತಿತ್ತು. 3ಕ್ಕೆ 384 ಕಿಲೋಬೈಟ್ ಬೇಕು. ಹಾಗಾಗಿ ಇವನನ್ನು ನೋಡದವರೇ ಇನ್ನೂ ಬೇಕಾದಷ್ಟು ಜನ ಇದ್ದಾರೆ.

2019ರ ಸೂಪರ್ ಮಾರಿಯೋ ಮೇಕರ್ 2ರಲ್ಲಿ ನಾವೇ ಲೆವೆಲ್ ಕಟ್ಟಿ ಅದರಲ್ಲಿ ಸೂರ್ಯನನ್ನು ಕೂರಿಸಬಹುದು. ಅಲ್ಲಿ ಚಂದ್ರನೂ ಇದ್ದಾನೆ, ಅವನನ್ನು ಮುಟ್ಟಿದರೆ ಪರದೆಯ ಮೇಲಿನ ಶತ್ರುಗಳು ಸಾಯುತ್ತಾರೆ. ಮಕ್ಕಳಿಗೆ ಅದು ಖುಷಿ. ನನಗೆ ಮಾತ್ರ 1988ರ ಸೂರ್ಯನೇ ಸರಿ.

ಅದಕ್ಕೇ ಮನೆಯಲ್ಲಿ ಯಾರಾದರೂ ಹೊಸಬರು ಎರಡನೇ ಲೋಕಕ್ಕೆ ಕಾಲಿಟ್ಟರೆ ನಾನು ಬಾಯಿ ಬಿಡುವುದಿಲ್ಲ. ಚಿಪ್ಪಿನ ಉಪಾಯ ಹೇಳುವುದು ಒಮ್ಮೆ ಅವನ ಕೈಯಲ್ಲಿ ಔಟ್ ಆದವರಿಗೆ ಮಾತ್ರ.