ಗೆಳತಿಯ ಮದುವೆ ದಿನವೇ ಬೇರೆ ಕೆಲಸ ಬಿದ್ದಿದೆ, ಏನು ಮಾಡಲಿ?

"ತುಂಬಾ ಹತ್ತಿರದ ಗೆಳತಿಯ ಮದುವೆ. ಅದೇ ದಿನಕ್ಕೆ ನಾನು ಮೊದಲೇ ಒಪ್ಪಿಕೊಂಡ ಕೆಲಸ ಇದೆ. ಹೋಗದಿದ್ದರೆ ತಪ್ಪಾಗುತ್ತಾ?" ಲಗ್ನದ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಡುವುದಿಲ್ಲ. ಉಳಿದ ಮುಹೂರ್ತಗಳಲ್ಲಿ ಛತ್ರ ಯಾವತ್ತು ಸಿಕ್ಕಿತೋ ಅವತ್ತೇ ಮದುವೆ. ಆಮೇಲೆ ದಿನ ಬದಲಾಯಿಸಿ ಅನ್ನುವ ಹಾಗಿಲ್ಲ. ನಿಮ್ಮ ಪರೀಕ್ಷೆ ಯಾವಾಗ, ಪ್ರಯಾಣ ಯಾವಾಗ ಎಂಬುದನ್ನು ಹೇಳುವುದಿದ್ದರೆ ಲಗ್ನಪತ್ರಿಕೆ ಬರೆಯುವ ಮೊದಲೇ ಹೇಳಿಬಿಡಿ.

ದಿನ ಗೊತ್ತಾಗಿಹೋಗಿದ್ದರೆ ಮದುವೆಯನ್ನು ಗಂಟೆಗಳಾಗಿ ಬಿಡಿಸಿ ನೋಡಿ. ಬೆಂಗಳೂರು, ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಅದಕ್ಕೂ ಮೊದಲು ಮನೆಯಲ್ಲಿ ಚಪ್ಪರದ ದಿನ. ಮಂಡ್ಯ, ಹಾಸನದ ಕಡೆ ಆಮೇಲೆ ಬೀಗರ ಔತಣ ಬೇರೆ. ಹುಬ್ಬಳ್ಳಿ ಕಡೆ ಹಿಂದಿನ ದಿನ ಅರಿಶಿಣ, ಅಕ್ಕಿಕಾಳು ಬೀಳುವುದು ಹೆಚ್ಚಾಗಿ ನಡು ಮಧ್ಯಾಹ್ನದ ಹೊತ್ತಿಗೆ. ಇಷ್ಟರಲ್ಲಿ ನಿಮ್ಮ ಕೆಲಸಕ್ಕೆ ನಿಜವಾಗಿ ಅಡ್ಡ ಬರುವುದು ಎಷ್ಟು ಗಂಟೆ? ಎಷ್ಟೋ ಸಲ ಮೂರು ನಾಲ್ಕು ಗಂಟೆ ಅಷ್ಟೇ.

ಒಂದೇ ಹೊತ್ತು ಸಿಗುವುದಾದರೆ ಹೆಚ್ಚಿನವರು ಆರತಕ್ಷತೆಯನ್ನೇ ಆರಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದೇ ತಪ್ಪು ಆಯ್ಕೆ. ಅರ್ಧ ಗಂಟೆ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದರೆ ಸಿಗುವುದು ಒಂದು ಫೋಟೋದಷ್ಟು ಸಮಯ. ಹಿಂದೆ ನಿಂತವರು ತಳ್ಳುತ್ತಿರುತ್ತಾರೆ, ಮದುಮಗಳ ಕಣ್ಣು ಕ್ಯಾಮೆರಾ ಕಡೆ. ಚಪ್ಪರದ ದಿನ ಹಾಗಲ್ಲ. ಮಾವಿನ ತೋರಣ ಕಟ್ಟಬೇಕು, ತಾಂಬೂಲದ ಚೀಲ ತುಂಬಬೇಕು, ಬ್ಲೌಸಿನ ಹುಕ್ಕು ಕಿತ್ತಿರುತ್ತದೆ, ಸೂಜಿ ದಾರ ಯಾರ ಕೈಗೂ ಸಿಗುವುದಿಲ್ಲ. ಗೆಳತಿ ಬೇಕಾಗುವುದು ಅಲ್ಲಿ. ಧಾರೆಯ ದಿನ ಬೆಳಗಿನ ಜಾವ, ಜಡೆ ಹಾಕುವ ಹೊತ್ತಿನ ಕೋಣೆಯೂ ಹಾಗೆಯೇ.

ಇನ್ನು ಯಾವುದಕ್ಕೆ ಮದುವೆ ಬಿಡಬಹುದು? ಅಪ್ಪನ ಆಪರೇಶನ್, ತಪ್ಪಿದರೆ ಒಂದು ವರ್ಷವೇ ಹೋಗುವ ಪರೀಕ್ಷೆ, ಮತ್ತೆ ಬೇಗ ಸಿಗದ ವೀಸಾ ಸಂದರ್ಶನ: ಇವಕ್ಕೆ ಬಿಡಿ, ಮನಸ್ಸಿನಲ್ಲಿ ಅಳುಕು ಬೇಡ. ಪ್ರವಾಸ, ಆಫೀಸಿನ ಕೂಟ, ಮುಂಗಡ ಕೊಟ್ಟ ರೆಸಾರ್ಟ್‌ಗಾಗಿ ಬಿಡಬೇಡಿ. ಕಳೆದುಕೊಳ್ಳುವ ದುಡ್ಡನ್ನು ಚೀಟಿಯಲ್ಲಿ ಬರೆದು ನೋಡಿ. ಹದಿನೆಂಟು ಸಾವಿರದ ಪ್ರವಾಸದಲ್ಲಿ ಆರು ಸಾವಿರ ಹೋಗುತ್ತದೆ ಎಂದಿಟ್ಟುಕೊಳ್ಳಿ; ಎರಡನೇ ದಿನ ಹೋಗಿ ಸೇರಿಕೊಂಡರೆ ಅಷ್ಟೂ ಹೋಗುವುದಿಲ್ಲ. ರೈಲಾದರೆ ಬೇಗ ರದ್ದು ಮಾಡಿದಷ್ಟೂ ಕಡಿತ ಕಡಿಮೆ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಮಾತ್ರ ಕೈಗೆ ಏನೂ ಬರದು. ಮದುವೆಗೆ ಹೋಗುವ ಟಿಕೆಟ್‌ಗಂತೂ ಕರೆಯೋಲೆ ಕೈಗೆ ಬರಲಿ ಎಂದು ಕಾಯಬೇಡಿ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಲಗ್ನದ ಕಾಲದಲ್ಲಿ ವಾರಾಂತ್ಯದ ಸೀಟು ಬೇಗ ತುಂಬುತ್ತದೆ.

ಹೋಗಲಾಗುವುದಿಲ್ಲ ಎಂದು ತೀರ್ಮಾನವಾದರೆ ಎರಡು ಮೂರು ದಿನದೊಳಗೆ ಹೇಳಿ. ಮೆಸೇಜ್ ಬೇಡ, ಫೋನ್ ಮಾಡಿ. ಸಂಬಂಧ ಕೆಡುವುದು ಬಾರದಿದ್ದಕ್ಕಿಂತ "ನೋಡ್ತೀನಿ, ಟ್ರೈ ಮಾಡ್ತೀನಿ" ಎಂಬ ಮಾತಿನಿಂದ. ಆ ಮಾತು ನಂಬಿ ಅವಳು ನಿಮಗೆ ರೂಮು ಇಟ್ಟಿರುತ್ತಾಳೆ, ಅಡುಗೆಯವರಿಗೆ ಕೊಟ್ಟ ಲೆಕ್ಕದಲ್ಲಿ ಸೇರಿಸಿರುತ್ತಾಳೆ, ಕಳಸಗಿತ್ತಿಯ ಜೊತೆ ನಿಲ್ಲೋಕೆ ನೀನಿದ್ದೀಯಲ್ಲ ಎಂದುಕೊಂಡಿರುತ್ತಾಳೆ. ಹೀಗೆ ಹೇಳಿದರೆ ಸಾಕು: "ಅವತ್ತೇ ಅಪ್ಪನ ಆಪರೇಶನ್ ಕಣೇ. ಧಾರೆಗೆ ಬರೋಕಾಗಲ್ಲ. ಚಪ್ಪರದ ದಿನ ಬೆಳಗ್ಗೆಯಿಂದ ರಾತ್ರಿವರೆಗೂ ನಿಮ್ಮನೇಲೇ ಇರ್ತೀನಿ, ಕೆಲಸ ಎಲ್ಲ ನಂಗೆ ಬಿಡು." ಸುಳ್ಳು ಕಾರಣ ಕೊಡಬೇಡಿ, ಅದೇ ದಿನ ಇನ್ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಿಮ್ಮ ಮುಖ ಕಾಣಿಸಿಕೊಳ್ಳುತ್ತದೆ. ಅವಳ ಅಮ್ಮನಿಗೂ ನೀವೇ ಫೋನ್ ಮಾಡಿ. ಛತ್ರದಲ್ಲಿ "ಅವಳೆಲ್ಲಿ?" ಎಂದು ನಾಲ್ಕು ಜನ ಕೇಳುವುದು ಆಕೆಯನ್ನೇ.

ಮುಯ್ಯಿಯನ್ನು ಹೋಗುವವರ ಕೈಲಿ ಕಳಿಸಿ, ಲಕೋಟೆಯ ಮೇಲೆ ಹೆಸರು, ಊರು ಬರೆದಿರಲಿ. ಇಲ್ಲದಿದ್ದರೆ ಮುಯ್ಯಿ ಪುಸ್ತಕದಲ್ಲಿ ತಂದುಕೊಟ್ಟವರ ಹೆಸರು ಕೂತುಬಿಡುತ್ತದೆ. ಧಾರೆಯ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಕಾಡಬೇಡಿ. ವೈಶಾಖ, ಜ್ಯೇಷ್ಠದ ಮದುವೆಯಾದರೆ, ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಆಷಾಢಕ್ಕೆ ಹೊಸ ಸೊಸೆ ತವರಿಗೆ ಬರುತ್ತಾಳೆ. ಒಂದು ಭಾನುವಾರ ಬೆಳಗ್ಗೆಯೇ ಹೋಗಿ, ಆಲ್ಬಮ್ ತೆಗೆಸಿ, ಪ್ರತಿ ಫೋಟೋದ ಕಥೆಯನ್ನೂ ಅವಳ ಬಾಯಲ್ಲೇ ಕೇಳಿ.